ತಲಪಾಡಿಯ ಗಡಿಯೂ ಸಾಂಕ್ರಾಮಿಕ ರೋಗಗಳ ಶಾಸನವೂ

ಸಾರ್ವಜನಿಕ ಆರೋಗ್ಯಕ್ಕೂ ನ್ಯಾಯಶಾಸ್ತ್ರಕ್ಕೂ ಇರುವ ಸಂಬಂಧವನ್ನು ನಮ್ಮ ಕರಾವಳಿಯ ಇತಿಹಾಸದಲ್ಲಿ ಅರಸುವವರು 2020ನೆಯ ಇಸವಿಯ ತಲಪಾಡಿ ಪ್ರಕರಣವನ್ನು ಅಲಕ್ಷಿಸಲಾಗದು. ಆ ಪ್ರಕರಣವನ್ನು ಅದರ ಹಿನ್ನೆಲೆಯಲ್ಲಿದ್ದ ಶಾಸನದೊಡನೆ ಇಟ್ಟು ಪರಿಶೀಲಿಸುವುದು ಈ ಕಿರುಲೇಖನದ ಉದ್ದೇಶ.

ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಉಡುಪಿ, ಕಾರ್ಕಳ, ಮಂಗಳೂರುಗಳಂತೆ ಕಾಸರಗೋಡೂ ಒಂದು ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೂ, ಉಳಿದ ಮೂರು ಮೈಸೂರು ರಾಜ್ಯಕ್ಕೂ ಸೇರಿದುವು. ಚಂದ್ರಗಿರಿ ಹೊಳೆಯ ಉತ್ತರಭಾಗವು ಮೈಸೂರಿಗೆ ಸಲ್ಲತಕ್ಕುದೆಂದು 1967ರಲ್ಲಿ ಮಹಾಜನ ಆಯೋಗವು ಮಾಡಿದ ಶಿಫಾರಸು ಕಾರ್ಯಗತವಾಗಲಿಲ್ಲವೆಂಬುದು ವಿದಿತವೇ ಇದೆ. ಆಡಳಿತದ ಗೆರೆ ಬದಲಾಯಿತಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜೂ ಮಂಗಳೂರಿನ ಆಸ್ಪತ್ರೆಗಳೂ ಬೆಳೆದಂತೆಲ್ಲ, ಕಾಸರಗೋಡಿನವರು ಕಷ್ಟಸಾಧ್ಯ ಕಾಯಿಲೆಗಳಿಗೆ ಉತ್ತರಾಭಿಮುಖವಾಗಿಯೇ ಪಯಣಿಸಿದರು.

ಇನ್ನು ಶಾಸನದ ಮಾತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಮರುವರ್ಷದ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅವಸರದಿಂದ ಹುಟ್ಟಿತು. ಅದರಲ್ಲಿದ್ದುದು ನಾಲ್ಕೇ ಕಲಮುಗಳು. ಸರಕಾರವು ಅವಶ್ಯವೆಂದು ಕಂಡ ಯಾವುದೇ ಕ್ರಮವನ್ನು ಕೈಗೊಳ್ಳಬಹುದು. ಪ್ರಯಾಣಿಕರನ್ನು ತಡೆದು ತಪಾಸಿಸಬಹುದು, ಪ್ರತ್ಯೇಕಿಸಬಹುದು. ಆಜ್ಞೆ ಮೀರಿದವನಿಗೆ ದಂಡಸಂಹಿತೆಯ 188ನೆಯ ಕಲಮಿನಂತೆ ಶಿಕ್ಷೆ. ಸದ್ಭಾವನೆಯಿಂದ ನಡೆದ ಅಧಿಕಾರಿಗೆ ವ್ಯಾಜ್ಯದಿಂದ ರಕ್ಷಣೆ. ರೋಗಿಗೆ ಚಿಕಿತ್ಸೆ ಒದಗಿಸುವ ಕರ್ತವ್ಯವು ಯಾರದೆಂಬುದರ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದುದೂ, 1897ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿದುದೂ ಈ ಬಗೆಯ ಅಧಿಕಾರದ ಫಲವೆಂದೇ ನಮ್ಮ ಅಭಿಪ್ರಾಯ.

2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಲ್ಲಿ ಕೋವಿಡ್ ಸೋಂಕಿತರ ಸಂಖ್ಯೆ ಏರಿದಾಗ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಸೋಂಕು ಹರಡೀತೆಂಬ ಭಯವು ನಿರಾಧಾರವಾಗಿರಲಿಲ್ಲ. ಆದರೆ ಸೋಂಕಿಲ್ಲದ ಹೃದ್ರೋಗಿಗಳೂ ಮೂತ್ರಪಿಂಡದ ರೋಗಿಗಳೂ ಗಡಿಯಲ್ಲಿಯೇ ನಿಂತರು. ಚಿಕಿತ್ಸೆ ದೊರೆಯದೆ ಕೆಲವರು ಅಸುನೀಗಿದರು. ಕಾಸರಗೋಡಿನ ಉಕ್ಕಿನಡ್ಕದ ವೈದ್ಯಕೀಯ ಕಾಲೇಜು ಆಗಿನ್ನೂ ಪೂರ್ಣಗೊಂಡಿರಲಿಲ್ಲ.

ವಿಷಯವನ್ನು ಕೇರಳ ಹೈಕೋರ್ಟಿಗೆ ಒಯ್ದವರಲ್ಲಿ ಅಲ್ಲಿಯ ನ್ಯಾಯವಾದಿಗಳ ಸಂಘವೇ ಮುಂದಾಗಿತ್ತೆಂಬುದು ಗಮನಾರ್ಹ. ಕರ್ನಾಟಕದ ನೆಲದ ಮೇಲೆ ಕೇರಳದ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂಬುದು ಕರ್ನಾಟಕದ ವಾದ. ವಾದವು ದುರ್ಬಲವಾದುದಲ್ಲ. ನ್ಯಾಯಾಲಯವು ಬೇರೊಂದು ದಾರಿ ಹಿಡಿಯಿತು: ರಾಷ್ಟ್ರೀಯ ಹೆದ್ದಾರಿಯು 1956ರ ಹೆದ್ದಾರಿ ಕಾಯಿದೆಯಂತೆ ಕೇಂದ್ರಕ್ಕೆ ಸೇರಿದುದು, ಆದುದರಿಂದ ತಡೆಯನ್ನು ತೆಗೆಯಿಸುವ ಹೊಣೆಯೂ ಕೇಂದ್ರದ್ದೇ. ಏಪ್ರಿಲ್ 1ರಂದು ಹಾಗೆಯೇ ಆಜ್ಞೆಯಾಯಿತು. ಸಂಚಾರಸ್ವಾತಂತ್ರ್ಯದ 19ನೆಯ ಅನುಚ್ಛೇದವನ್ನೂ ಜೀವಿಸುವ ಹಕ್ಕಿನ 21ನೆಯ ಅನುಚ್ಛೇದವನ್ನೂ ಅದು ಆಧಾರವಾಗಿಟ್ಟುಕೊಂಡಿತು. ರೋಗಿಗೆ ದಾರಿ ದೊರೆತುದು ರಸ್ತೆಯ ಕಾನೂನಿನಿಂದ ಮತ್ತು ಸಂವಿಧಾನದಿಂದ, ರೋಗದ ಕಾನೂನಿನಿಂದಲ್ಲ. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇದೇ.

ಕರ್ನಾಟಕವು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಅಲ್ಲಿ ತೀರ್ಪಿನ ಅಗತ್ಯ ಬೀಳಲಿಲ್ಲ. ರೋಗಿಗಳ ಸಂಚಾರಕ್ಕೆ ಒಪ್ಪಿತ ಕ್ರಮವೊಂದು ಏರ್ಪಟ್ಟಿದೆಯೆಂದು ಕೇಂದ್ರದ ಪರವಾಗಿ ನಿವೇದಿಸಲಾಗಿ, ಏಪ್ರಿಲ್ 7ರಂದು ಪ್ರಕರಣ ಮುಕ್ತಾಯವಾಯಿತು. ಹೀಗಾಗಿ ಮೂಲಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. ಸಾರ್ವಜನಿಕ ಆರೋಗ್ಯವು ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ರಾಜ್ಯದಿಂದ ರಾಜ್ಯಕ್ಕೆ ಸೋಂಕು ಹಬ್ಬದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯ ನಮೂದು. ರಾಜ್ಯಗಳ ನಡುವಣ ಸಂಪರ್ಕನಿಷೇಧವಾದರೋ ಕೇಂದ್ರಪಟ್ಟಿಯ 81ನೆಯ ನಮೂದು.

ಇದಾದ ಹದಿನೈದು ದಿನಗಳಲ್ಲಿ, ಏಪ್ರಿಲ್ 22ರಂದು, ಕರ್ನಾಟಕವು ತನ್ನದೇ ಸಾಂಕ್ರಾಮಿಕ ರೋಗಗಳ ಅಧ್ಯಾದೇಶವನ್ನು ಹೊರಡಿಸಿತು. ಅದೇ ವರ್ಷ ಅದು ಅಧಿನಿಯಮವೂ ಆಯಿತು. 1897ರ ಕಾಯಿದೆಯಲ್ಲಿ ಹೆಸರಿಸಿರದ ಅಧಿಕಾರವೊಂದು ಅದರಲ್ಲಿ ಸ್ಪಷ್ಟಾಕ್ಷರಗಳಲ್ಲಿದೆ: ಅಗತ್ಯವೆಂದು ತೋರಿದಷ್ಟು ಕಾಲ ರಾಜ್ಯದ ಗಡಿಗಳನ್ನು ಮುಚ್ಚುವ ಅಧಿಕಾರ.