ಅತ್ತೆ ಕೂತ ಕಲ್ಲುಬೆಂಚು

ನಮ್ಮತ್ತೆ ಮದುವೆಯಾಗಿ ತ್ಯಾಗರಾಜನಗರಕ್ಕೆ ಬಂದದ್ದು 1963ರಲ್ಲಿ. ನೆಟ್ಟಕಲ್ಲಪ್ಪ ಸರ್ಕಲ್ ದಾಟಿ ಸ್ವಲ್ಪ ನಡೆದರೆ ಕೃಷ್ಣರಾವ್ ಪಾರ್ಕು, ಇನ್ನೊಂದು ಕಡೆ ತಿರುಗಿದರೆ ಕಹಳೆ ಬಂಡೆ. ಆದರೂ ಮೂವತ್ತು ವರ್ಷ ಅವರು ಪಾರ್ಕಿನಲ್ಲಿ ಒಂದು ಸಲವೂ ಕೂತವರಲ್ಲ. ಗಾಂಧಿಬಜಾರಿನಿಂದ ತರಕಾರಿ ಚೀಲ ಹೊತ್ತು ಬರುವಾಗ ಹತ್ತಿರದ ದಾರಿಯೆಂದು ಒಳಗೆ ಹಾದು ಬರುತ್ತಿದ್ದರು, ಅಷ್ಟೆ. "ಅಲ್ಲಿ ಕೂರೋದು ಪೆನ್ಷನ್ ಬಂದ ಗಂಡಸರು ಕಣಮ್ಮ" ಎನ್ನುತ್ತಿದ್ದರು. ಕೊನೆಗೆ ಅವರನ್ನು ಕೂರಿಸಿದ್ದು ಸಕ್ಕರೆ ಕಾಯಿಲೆ. ದಿನಾ ನಡೆಯಬೇಕೆಂದರು ಡಾಕ್ಟರು. ನಡೆದು ಸುಸ್ತಾಗಿ ಕಲ್ಲುಬೆಂಚಿನ ಮೇಲೆ ಕೂತವರು ನನ್ನನ್ನು ಕೇಳಿದರು: "ಈ ಜಾಗ ಯಾರು ಮಾಡಿಸಿದ್ದು?"

ಮಕ್ಕಳಿಗೆ ಪಾಣಿಪತ್ ಯುದ್ಧಗಳನ್ನು ಬಾಯಿಪಾಠ ಮಾಡಿಸುವ ನನಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಿಂದಲೇ ಹುಡುಕಲು ಕೂತೆ.

ಕಥೆ ಪ್ಲೇಗಿನಿಂದ ಶುರುವಾಗುತ್ತದೆ. 1898ರಲ್ಲಿ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಬರುವ ಹಾಗೆ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿದರು. ಬಯಲು ಜಾಗ ಆಗ ಶೋಕಿಯಲ್ಲ, ಔಷಧ. ಆ ಬಯಲಿಗೆ ಉದ್ಯಾನದ ರೂಪ ಬಂದದ್ದು ತಡವಾಗಿ. ಕೃಷ್ಣರಾವ್ ಪಾರ್ಕು 1940ರ ದಶಕದ್ದು. 1941ರಲ್ಲಿ ಮೈಸೂರಿನ ಹಂಗಾಮಿ ದಿವಾನರಾಗಿದ್ದ ಎಂ. ಎನ್. ಕೃಷ್ಣರಾಯರು ಅದಕ್ಕೆ ಸ್ವಂತ ಹಣ ಕೊಟ್ಟರು. ನಡುವೆ ಮಂಟಪ, ಸುತ್ತ ನಡೆಯುವ ದಾರಿ, ಅಂಚಿಗೆ ಮರ. ಎಲ್ಲಿ ನಿಂತರೂ ಮಂಟಪ ಕಾಣುತ್ತದೆ, ಮಗು ತಪ್ಪಿಸಿಕೊಂಡರೂ ಸಿಗುತ್ತದೆ!

ಕಹಳೆ ಬಂಡೆ ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರೂ ಗೆರೆ ಎಳೆಯಲಿಲ್ಲ. ಸುಮಾರು ಮುನ್ನೂರು ಕೋಟಿ ವರ್ಷದ ಕಲ್ಲು ತಾನೇ ಎದ್ದು ನಿಂತಿದೆ. ದಾರಿಗಳೇ ಅದಕ್ಕೆ ಬಳಸಿಕೊಂಡು ಹೋಗಬೇಕು. ಹಿಂದೆ ಅಲ್ಲಿನ ಕಾವಲುಗಾರರು ಕಹಳೆ ಊದುತ್ತಿದ್ದರೆಂದು ಹೇಳುತ್ತಾರೆ. ಈಗ ಊದುವವರಿಲ್ಲ, ಮರಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳ ಗಲಾಟೆ ಇದೆ. ಡಿವಿಜಿಯವರ ಪ್ರತಿಮೆಯೂ ಅಲ್ಲೇ. ನನಗೆ ಇಷ್ಟವಾದ ಪಾರ್ಕು ಇದೇ. ಅತ್ತೆಗೆ ಆ ಏರು ಆಗದು.

ಈ ಊರಿನ ಮರಗಳ ಮಾತು ಬಂದರೆ ಕ್ರುಂಬಿಗಲ್ ಅವರನ್ನು ಬಿಟ್ಟು ಹೋಗಲಾಗದು. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಕ್ಕೆ, 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಊರು ಯಾವ ತಿಂಗಳೂ ಬರಿದಾಗಬಾರದು ಎಂದು ಲೆಕ್ಕ ಹಾಕಿ ಬೀದಿಗಳಲ್ಲಿ ಮರ ನೆಡಿಸಿದರು. ನಮ್ಮ ಅಡುಗೆಮನೆಯಲ್ಲಿ ಹಾಲು ಮುಗಿಯುವ ಮೊದಲೇ ಇನ್ನೊಂದು ಪಾತ್ರೆ ಕಾಯಿಸಿಡುವ ಹಾಗೆ. ಫೆಬ್ರವರಿ-ಮಾರ್ಚಿನ ನೀಲಿ ಜಕರಂಡ, ಏಪ್ರಿಲ್-ಮೇನಲ್ಲಿ ಕೆಂಪಗೆ ಉರಿಯುವ ಗುಲ್‌ಮೊಹರ್ ನೋಡಿದಾಗ ಆ ಲೆಕ್ಕ ನೆನಪಾಗುತ್ತದೆ. 1932ರಲ್ಲಿ ನಿವೃತ್ತರಾದರೂ ಊರು ಬಿಡದೆ, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇದನ್ನೆಲ್ಲ ಅತ್ತೆಗೆ ಹೇಳುತ್ತಿದ್ದ ದಿನಗಳಲ್ಲೇ ನಮ್ಮ ಬೀದಿ ಕೊನೆಯ ಪುಟ್ಟ ಪಾರ್ಕಿನಲ್ಲಿ "ಅಭಿವೃದ್ಧಿ" ಶುರುವಾಯಿತು. ನಡೆಯುವವರಿಗೆ ಅನುಕೂಲವೆಂದು ಹೊಂಗೆಮರದ ಬುಡದವರೆಗೂ ಸಿಮೆಂಟು ಬಳಿದರು. ಬೇರಿಗೆ ಗಾಳಿ ಬೇಕು, ಮಳೆನೀರು ಇಳಿಯಬೇಕು. ಎರಡನ್ನೂ ಮುಚ್ಚಿದರೆ ಮರ ನಿಂತಲ್ಲೇ ಸೊರಗುತ್ತದೆ. ಪಾರ್ಕಿನ ಜಾಗವನ್ನು ಕಾಯಲು 1985ರ ಕಾಯ್ದೆ ಇದೆ. ಸಿಮೆಂಟಿಗೆ ಯಾವ ಕಾಯ್ದೆ ತೋರಿಸುವುದು? ಬೀದಿಯ ಹನ್ನೊಂದು ಹೆಂಗಸರು ಸಹಿ ಹಾಕಿ ಅರ್ಜಿ ಕೊಟ್ಟೆವು. ಮೊದಲ ಸಹಿ ಅತ್ತೆಯದು. ಕಚೇರಿಯಲ್ಲಿ ಮೂರು ಸಲ ನಾಳೆ ಬನ್ನಿ ಎಂದರು. ಮೂರು ನಾಳೆಯೂ ಹೋದೆವು.

ಕೊನೆಗೆ ಬುಡದ ಸುತ್ತ ಮೂರಡಿ ಸಿಮೆಂಟು ಒಡೆದುಕೊಟ್ಟರು. ಅಷ್ಟರಲ್ಲಿ ಮರದ ಒಂದು ಪಕ್ಕ ಒಣಗಿತ್ತು. ಈಗ ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ಹೋಗಿ, ಎದುರಿನ ಬೆಂಚಿನಲ್ಲಿ ಕೂತು ಆ ಒಣ ಕೊಂಬೆಯನ್ನೇ ನೋಡುತ್ತಾರೆ. ಮೊನ್ನೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಕೆಳಗಡೆ ಎರಡು ಚಿಗುರು ಬಂದಿದೆ. ಮೇಲಿಂದು ಇನ್ನೂ ಇಲ್ಲ."