ಬಸುರಿಯ ಕೊರಳಿನ ನರಹುಲಿ

ನನ್ನ ಸೋದರತ್ತೆ ಊರಿನ ಸೂಲಗಿತ್ತಿ. ನರಹುಲಿಗೆ ಅವಳ ಕಾಲದಲ್ಲಿ ಎರಡೇ ಮದ್ದು: ಬುಡಕ್ಕೆ ಕುದುರೆ ಬಾಲದ ಕೂದಲು ಬಿಗಿಯುವುದು, ಇಲ್ಲವೇ ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುವುದು. ಬಸುರಿಯರ ಕೊರಳಲ್ಲಿ, ಕಂಕುಳಲ್ಲಿ ಮೂಡಿದ್ದನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. "ಹೆರಿಗೆ ಆಗಲಿ ತಾಯಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು.

ನರ್ಸ್ ಆದ ಮೇಲೆ ಪ್ರಾಚೀನ ಆಯುರ್ವೇದ ಗ್ರಂಥವಾದ ಸುಶ್ರುತ ಸಂಹಿತೆಯ ಅನುವಾದ ಓದಿದೆ. ಚರ್ಮದ ಮೇಲೆ ಮೊಳೆಯಂತೆ ಏಳುವ ಚರ್ಮಕೀಲವನ್ನು ಅದು ಮೂಲವ್ಯಾಧಿಯ ಅಧ್ಯಾಯದಲ್ಲಿ ವಿವರಿಸುತ್ತದೆ. ಮರ ಸುಟ್ಟ ಬೂದಿಯ ನೀರನ್ನು ಸೋಸಿ, ಕುದಿಸಿ ಕ್ಷಾರ ಮಾಡುವ ಕ್ರಮವೂ ಅದೇ ಗ್ರಂಥದ ಬೇರೆ ಅಧ್ಯಾಯದಲ್ಲಿದೆ. ಹಳ್ಳಿಯ ಸುಣ್ಣ-ಸೋಡಾ ಅದೇ ಜಾತಿಯ ಸುಡುವ ಮದ್ದು. ಆದರೆ ಕ್ಷಾರ ಬಳಸಬಾರದವರ ಪಟ್ಟಿಯಲ್ಲಿ ಗರ್ಭಿಣಿಯ ಹೆಸರು ಸ್ಪಷ್ಟವಾಗಿದೆ. ಅತ್ತೆಯ ಎಚ್ಚರಿಕೆಗೆ ಅಷ್ಟು ಹಳೆಯ ಜೊತೆಯಿದೆ.

ಗರ್ಭಿಣಿಯ ದೇಹದಲ್ಲಿ ಹಾರ್ಮೋನುಗಳು ಏರುತ್ತವೆ. ಚರ್ಮ ಉಜ್ಜುವ ಕಡೆ ಈ ನರಹುಲಿಗಳು ಏಳುತ್ತವೆ. ಇವು ಕ್ಯಾನ್ಸರ್ ಅಲ್ಲ, ಮಗುವಿಗೆ ತೊಂದರೆಯಿಲ್ಲ. ಹೆರಿಗೆಯ ನಂತರ ಕೆಲವು ತಾವೇ ಕುಗ್ಗುತ್ತವೆ. ಸರ ಸಿಕ್ಕಿ ರಕ್ತ ಬಂದರೆ, ನೋವಾದರೆ, ಬಣ್ಣ ಬದಲಾದರೆ ಚರ್ಮವೈದ್ಯರಿಗೆ ತೋರಿಸಬೇಕು. ಅವರು ಶುದ್ಧ ಕತ್ತರಿಯಿಂದ ಕತ್ತರಿಸುತ್ತಾರೆ, ಇಲ್ಲವೇ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ಗರ್ಭಿಣಿಯರಿಗೂ ಇದನ್ನು ಮಾಡಬಹುದು.

ಕೂದಲು ಕಟ್ಟಿದರೆ ಕೀವಾಗಬಹುದು, ಸುಣ್ಣ ಚರ್ಮ ಸುಡುತ್ತದೆ. ಅಂಗಡಿಯ ಆಮ್ಲದ ಮದ್ದೂ ಬೇಡ. ತಾಯಂದಿರೇ, ಕಾಯಿರಿ, ಕಾಯಲಾಗದಿದ್ದರೆ ವೈದ್ಯರ ಬಳಿ ಹೋಗಿ.