ಕಾರ್ತಿಕದಲ್ಲಿ ತೆರೆಯುವ ಕರಾವಳಿ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಊರಿನ ಶಾಲೆಗಳ ಲೆಕ್ಕ ಬರೆದಿಟ್ಟ: ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13. ಜೊತೆಗೆ ಅಲ್ಲಿನ ಮಳೆಗಾಲದ ಬಗ್ಗೆಯೂ ಬರೆದ. ಮಳೆ ಹಿಡಿಯಿತೆಂದರೆ ನೀರು ಎಷ್ಟು ರೊಚ್ಚಿಗೇಳುತ್ತದೆಂದರೆ, ಮೀನು ಹಿಡಿಯುವವರ ಹೊರತು ಯಾರೂ ನಾಲ್ಕು ತಿಂಗಳು ದೋಣಿ ಬಿಡುವಂತಿಲ್ಲ ಎಂದ.

ಕುಮಟಾ, ಹೊನ್ನಾವರ, ಭಟ್ಕಳಗಳ ಕಾರ್ತಿಕ ಮಾಸದ ಸಂಭ್ರಮ ಅರ್ಥವಾಗಬೇಕಾದರೆ ಆ ನಾಲ್ಕು ತಿಂಗಳು ನೆನಪಿನಲ್ಲಿರಬೇಕು. ಶೀತ ದೇಶಗಳಲ್ಲಿ ಶರತ್ಕಾಲ ಮುಗಿಯುವ ಹೊತ್ತಿಗೆ ಜನ ಮನೆಯೊಳಗೆ ಸೇರಿಕೊಳ್ಳುತ್ತಾರೆ. ಈ ಮೂರು ತಾಲ್ಲೂಕುಗಳಲ್ಲಿ ಅದೇ ಹೊತ್ತಿಗೆ ಎಲ್ಲರೂ ಹೊರಗೆ ಬರುತ್ತಾರೆ. ಹಡಗು, ಬಲೆ, ಬಂಡಿ, ಆಟದ ಮೇಳ ಎಲ್ಲವೂ ಶತಮಾನಗಳ ಕಾಲ ಹೊರಟದ್ದು ಈ ದಿನಗಳಲ್ಲಿಯೇ.

ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರು ಬದುಕಿದ್ದು ಈ ಲೆಕ್ಕದ ಮೇಲೆ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ, ಹೋರ್ಮುಜ್‌ನಿಂದ ಇಲ್ಲಿಗೆ ಕುದುರೆ, ಮುತ್ತು ಬರುತ್ತಿದ್ದುದನ್ನೂ ಅಲ್ಲಿಗೆ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಗಾಳಿ ತಿರುಗಿ ಕಡಲು ತಣಿದ ಮೇಲೆಯೇ ಆ ಕುದುರೆಗಳು ದಡಕ್ಕಿಳಿದು ಘಟ್ಟ ಹತ್ತಬೇಕಿತ್ತು. ಪಶ್ಚಿಮ ಕರಾವಳಿಯ ಯಾವ ಬಂದರಿಗೂ ಇದಕ್ಕಿಂತ ಬೇರೆ ಪಂಚಾಂಗವಿರಲಿಲ್ಲ.

ಆ ಋತುವನ್ನು ಕಣ್ಣಾರೆ ಕಂಡು ದಿನಚರಿಯಂತೆ ಬರೆದವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ, 1623ರ ಅಕ್ಟೋಬರ್ ಮಧ್ಯದಲ್ಲಿ ಗೋವೆಯಿಂದ ಸಮುದ್ರದ ದಾರಿಯಲ್ಲಿ ಅವನು ಹೊನ್ನಾವರಕ್ಕೆ ಬಂದ. ನಾಯಕನ ಕಡೆಯ ಪ್ರತಿನಿಧಿ ವಿಠಲ ಶೆಣೈ ಕೂಡ ಆ ಪಯಣದಲ್ಲಿದ್ದ. ಮಾತುಕತೆಯ ಹಿಂದೆ ಇದ್ದದ್ದು ಕಾಳುಮೆಣಸು. ಘಟ್ಟ ಹತ್ತುವ ಏರ್ಪಾಡು ಆಗುವತನಕ ಹೊನ್ನಾವರದಲ್ಲಿ ತಂಗಬೇಕಾಯಿತು. ಹೀಗಾಗಿ ಅಕ್ಟೋಬರ್ 24ರಂದು, ದೀಪಾವಳಿಯ ದಿನ, ಅವನು ಅಲ್ಲಿಯೇ ಇದ್ದ. ಈ ಹಬ್ಬವನ್ನು ಹಿಂದಿನ ವರ್ಷ ಪರ್ಷಿಯಾದ ಬಂದರೊಂದರಲ್ಲಿ ನೆಲೆಸಿದ್ದ ಭಾರತೀಯರ ನಡುವೆಯೂ ನೋಡಿದ್ದೆನೆಂದು ನೆನೆದುಕೊಂಡ. ತನ್ನ ಲೆಕ್ಕ ಸರಿಯಿದ್ದರೆ ಮುಸಲ್ಮಾನರ ಹೊಸ ವರ್ಷ, 1033ನೆಯ ಹಿಜರಿ, ಅದೇ ದಿನ ಮೊದಲಾಯಿತೆಂದೂ ಬರೆದ. ಒಂದೇ ಅಮಾವಾಸ್ಯೆ ಒಂದು ಸಮುದಾಯಕ್ಕೆ ಹಬ್ಬವನ್ನೂ ಇನ್ನೊಂದಕ್ಕೆ ಹೊಸ ವರ್ಷವನ್ನೂ ತಂದಿತ್ತು.

ತಿಂಗಳ ಕೊನೆಗೆ ಅವರೆಲ್ಲ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆಗೆ ಹೊರಟರು. ಮಳೆ ನಿಂತು ಕೆಂಪು ಇಳಿದು ತಿಳಿಯಾದ ಹೊಳೆ, ಎರಡೂ ದಂಡೆಯಲ್ಲಿ ತೋಟ, ಕಾಡು. ಅನೇಕ ದೇಶ ಸುತ್ತಿದ್ದ ದೆಲ್ಲಾ ವಾಲ್ಲೆ ಆ ನದಿಯನ್ನು ಮನಸಾರೆ ಹೊಗಳಿದ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಗೇರುಸೊಪ್ಪೆ ಅಷ್ಟರಲ್ಲಿ ಹಾಳುಬಿದ್ದು, ಅರಮನೆಯ ಜಾಗದಲ್ಲಿ ಮರಗಳು ಬೆಳೆದಿದ್ದವು. ಘಟ್ಟದ ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯ ಮೇಲೆ ಹುಡುಗರು ನುಣ್ಣನೆಯ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಲ್ಲಿ ಅಂಕಿ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅವನು ನಿಂತು ವಿಚಾರಿಸಿದ. ಭಾರತದ ಹಳೆಯ ಶಿಕ್ಷಣದ ಬಗ್ಗೆ ಬರೆಯುವವರು ಇಂದಿಗೂ ಈ ದೃಶ್ಯವನ್ನು ಉದಾಹರಿಸುತ್ತಾರೆ. ಹೊರಗಿನ ಜಗಲಿಯಲ್ಲಿ ಪಾಠ ನಡೆಯಲು, ದಾರಿಹೋಕನ ಕಣ್ಣಿಗೆ ಅದು ಬೀಳಲು ಹವೆ ತಿಳಿಯಾಗಿರಬೇಕಿತ್ತು.

ದೆಲ್ಲಾ ವಾಲ್ಲೆ ಹೆಚ್ಚು ವಿವರಿಸದೆ ಹೋದ ದೀಪಾವಳಿ ಮನೆಮನೆಗಳಲ್ಲಿ ಉಳಿದುಬಂದಿದೆ. ಹವ್ಯಕರಿಗೆ ಇದು ದೊಡ್ಡಹಬ್ಬ. ಮುನ್ನಾದಿನ ಬಚ್ಚಲು ತೊಳೆದು, ಹಂಡೆಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಪಾಡ್ಯದ ದಿನ ಬಲೀಂದ್ರನ ಪೂಜೆ, ಅಡಿಕೆ, ವೀಳ್ಯದೆಲೆ, ಸಿಂಗಾರದ ಮಾಲೆ ತೊಟ್ಟ ದನಗಳಿಗೆ ಗೋಗ್ರಾಸ, ಸೌತೆಕಾಯಿಯ ಕಡುಬು. ಪಾಡ್ಯದಿಂದ ಹನ್ನೆರಡನೆಯ ದಿನ ತುಳಸಿಯ ಮದುವೆ, ಆಮೇಲೆ ದೇವಸ್ಥಾನಗಳಲ್ಲಿ ವನಭೋಜನ, ದೀಪೋತ್ಸವ.

ಹಬ್ಬದ ಹಿಂದೆ ದುಡಿಮೆ ಇದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟದ ಸುತ್ತಿನ ಗಜನಿಗಳಲ್ಲಿ, ಅಂದರೆ ಅಳಿವೆಯ ತಗ್ಗು ಗದ್ದೆಗಳಲ್ಲಿ, ಅಘನಾಶಿನಿಯ ಉಪ್ಪುನೀರನ್ನು ತಡೆದು ಬೆಳೆಯುವ ಕಗ್ಗ ಭತ್ತ ಕೊಯ್ಲಿಗೆ ಬರುವುದು ಇದೇ ಸಮಯಕ್ಕೆ. ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು, ದಂಟನ್ನು ಅಲ್ಲಿಯೇ ಬಿಡುತ್ತಾರೆ. ಕೊಳೆತ ದಂಟು ಸಿಗಡಿಗೆ, ಮೀನಿಗೆ ಆಹಾರ. ಕೊಯ್ಲು ಮುಗಿದ ಗದ್ದೆಯೇ ಮುಂದಿನ ಮಳೆಯವರೆಗೆ ಮೀನಿನ ಕೆರೆ. ಮೇಲಿನ ತೋಟಗಳಲ್ಲಿ ಮಳೆಗೆ ಕಿತ್ತುಹೋದ ಅಂಗಳವನ್ನು ಮತ್ತೆ ಬಡಿದು ಸಮ ಮಾಡಿ, ಸಗಣಿ ಸಾರಿಸಿ, ಚಾಲಿ ಅಡಿಕೆ ಒಣಗಿಸಲು ಅಣಿಮಾಡುತ್ತಾರೆ.

ದಡದಲ್ಲಿ ಆಗ ರಂಪಣಿಯ ಕಾಲ. ಒಂದು ಕಿಲೋಮೀಟರಿಗೂ ಮೀರಿದ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡೂ ತುದಿಗಳಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಂಗುಡೆ, ತಾರ್ಲೆಯ ಹಿಂಡು ಸಿಕ್ಕರೆ ಎಳೆದವರಿಗೆಲ್ಲ ಪಾಲು. ಖಾರ್ವಿ, ಹರಿಕಂತ್ರ, ಮೊಗೇರರ ಮನೆಗಳಿಗೆ ವರ್ಷದ ಗಳಿಕೆ ಈ ತಿಂಗಳುಗಳಲ್ಲಿ ಬರುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ನಡುಗಡಲಲ್ಲಿ ಬಲೆಗೆ ಬೀಳತೊಡಗಿತು. ಊರೇ ಸೇರಿ ಎಳೆಯುವ ಬಲೆ ಹಿಂದೆ ಸರಿಯಿತು. ಇದು ಈ ಕರಾವಳಿ ಕಳೆದುಕೊಂಡ ದೊಡ್ಡ ಸುಖಗಳಲ್ಲೊಂದು. ಅದರ ಜಾಗ ತುಂಬುವಂಥದ್ದು ಇನ್ನೂ ಬಂದಿಲ್ಲ.

ಉಳಿದುಕೊಂಡದ್ದು ಯಕ್ಷಗಾನ. ಬಯಲಾಟಕ್ಕೆ ಬಯಲು ಬೇಕು. ಭತ್ತ ಕೊಯ್ಯದೆ ಬಯಲಿಲ್ಲ. ಆಡಿಸುವವರ ಕೈಯಲ್ಲಿ ಕಾಸು ಬೇಕು. ಬೆಳೆ, ಮೀನು ಮನೆಗೆ ಬಾರದೆ ಕಾಸಿಲ್ಲ. ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿ, ಮಳೆಗೆ ಮುನ್ನ ತಿರುಗಾಟ ಮುಗಿಸುವುದಕ್ಕೆ ಕಾರಣ ಇದೇ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಕಟ್ಟಿದ ಮಂಡಳಿಯನ್ನು ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ ಮುಂದುವರಿಸಿದರು. ಇದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. 1998ರಿಂದ ಕೊಂಕಣ ರೈಲು ಮಳೆಗಾಲದಲ್ಲೂ ಓಡುತ್ತಿದೆ, ಸಭಾಭವನಗಳಲ್ಲಿ ಶ್ರಾವಣದಲ್ಲೂ ಆಟವಾಗುತ್ತದೆ. ಆದರೂ ಊರಿನವರು ಹರಕೆಯ ಆಟ ಆಡಿಸಬೇಕೆಂದರೆ ಕೊಯ್ಲು ಯಾವಾಗ ಮುಗಿಯುತ್ತದೆಂದು ನೋಡಿಕೊಂಡೇ ಮೇಳಕ್ಕೆ ದಿನ ಹೇಳುತ್ತಾರೆ.